ಐದನೆಯ ತಂತಿಯೂ ಶಿವಣ್ಣನವರ ಜನರೇಟರೂ

ನನ್ನ ಬೇಸ್ ಗಿಟಾರಿನ ಐದನೆಯ ತಂತಿಗಾಗಿ ಬೈಗುಳ ತಿಂದವರು ಶಿವಣ್ಣ. ನುಡಿಸಿದವಳು ನಾನು, ಬೈಸಿಕೊಂಡವರು ಅವರು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಂಜನಗೂಡಿನ ನಮ್ಮ ಆರ್ಕೆಸ್ಟ್ರಾಕ್ಕೆ ಜನರೇಟರ್ ಒದಗಿಸುತ್ತಿದ್ದ ಈ ಮನುಷ್ಯನಿಗೆ ಆದ ಅನ್ಯಾಯ ನನ್ನ ಅರಿವಿಗೆ ಬಂದದ್ದು, ಕೆಲವು ವರ್ಷಗಳ ಮೇಲೆ, ಆ ಗಿಟಾರನ್ನು ಮಾರಲು ಹೊರಟಾಗ. ಆದ್ದರಿಂದ ಮಾರಾಟದ ಕಥೆಯನ್ನೂ ಸಹಿಸಿಕೊಳ್ಳಬೇಕೆಂದು ಓದುಗರಲ್ಲಿ ಕೋರುತ್ತೇನೆ.

ನಾನು ಓದಿದ ಶಾಲೆಯಲ್ಲಿ ಪ್ರಾರ್ಥನೆಗಿಂತ ಪ್ರಶ್ನೆಗೆ ಹೆಚ್ಚು ಮರ್ಯಾದೆಯಿತ್ತು. ಅದರ ಫಲವಾಗಿ, ಮದುವೆಯ ಊಟಕ್ಕೆ ಕುಳಿತರೂ ಕೊನೆಯ ಪಂಕ್ತಿಗೆ ಯಾರನ್ನು ಕಳುಹಿಸಿದರು ಎಂದು ಕತ್ತು ತಿರುಗಿಸಿ ನೋಡುವ ಚಟ ನನಗೆ ಅಂಟಿಕೊಂಡಿದೆ. ಅಷ್ಟರಲ್ಲಿ ಎಲೆಯ ಮೇಲಿನ ಪಾಯಸ ಹರಿದು ಪಲ್ಯ ಸೇರಿರುತ್ತದೆ. ಬೇಸ್ ಗಿಟಾರ್ ನನ್ನ ಕೈಗೆ ಬಂದದ್ದೂ ಈ ಚಟದಿಂದಲೇ. ಆರ್ಕೆಸ್ಟ್ರಾದಲ್ಲಿ ಹೆಂಗಸೆಂದರೆ ಹಾಡುವವಳು ಎಂದು ಎಲ್ಲರೂ ತೀರ್ಮಾನಿಸಿದ್ದ ಕಾಲದಲ್ಲಿ, ನಾನು ಹಾಡುವುದಿಲ್ಲ, ನುಡಿಸುತ್ತೇನೆ ಎಂದೆ. ನನ್ನ ಕಂಠವನ್ನು ಕೇಳಿದ್ದವರು ಈ ನಿರ್ಧಾರವನ್ನು ತುಂಬುಹೃದಯದಿಂದ ಸ್ವಾಗತಿಸಿದರು.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ನನ್ನದಕ್ಕೆ ಐದು. ಆ ಹೆಚ್ಚಿನ ತಂತಿ ಎಲ್ಲಕ್ಕಿಂತ ದಪ್ಪ, ಅದರ ಸ್ವರ ಎಲ್ಲಕ್ಕಿಂತ ತಗ್ಗು. ಅದು ಕಿವಿಗೆ ಕೇಳಿಸುವುದಕ್ಕಿಂತ ಕುಳಿತ ಬೆಂಚಿಗೆ ಹೆಚ್ಚು ಕೇಳಿಸುತ್ತದೆ. ನಮ್ಮ ಸಂಗೀತಕ್ಕೆ ಇದು ಹೊಸದೇನಲ್ಲ. ತಂಬೂರಿಯ ಮಂದ್ರದ ತಂತಿ ಮಾಡುವುದೂ ಇದೇ ಕೆಲಸವನ್ನು. ಆದರೆ ತಂಬೂರಿ ಮೀಟುವವಳನ್ನು ಗಾಯಕರ ಬೆನ್ನ ಹಿಂದೆ ಕೂರಿಸುತ್ತಾರೆ. ಸನ್ಮಾನದ ಹೊತ್ತಿಗೆ ಅವಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಸೋಮನಾಥಪುರದ ಗುಡಿಗೆ ಬಂದವರು ಗೋಡೆಯ ಶಿಲ್ಪಗಳಿಗೆ ಕ್ಯಾಮೆರಾ ಹಿಡಿಯುತ್ತಾರೆ. ಇಡೀ ಗುಡಿಯನ್ನು ಹೊತ್ತ ಜಗಲಿಯ ಮೇಲೆ ಚಪ್ಪಲಿ ಕಳಚುವ ಜಾಗ ಹುಡುಕುತ್ತಾರೆ. ತಳದಲ್ಲಿರುವುದನ್ನು ಕಾಣದಿರುವುದು ನಮ್ಮ ಹಳೆಯ ಅಭ್ಯಾಸ.

ಸೋಮನಾಥಪುರವೆಂದಾಗ ಅಲ್ಲಿಯ ಗಣಪತಿ ಕಾರ್ಯಕ್ರಮ ನೆನಪಾಗುತ್ತದೆ. ನನ್ನ ದೊಡ್ಡ ಸ್ಪೀಕರ್ ವೇದಿಕೆಯ ಅಂದ ಕೆಡಿಸುತ್ತದೆಂದು ಸಂಘಟಕರು ಅದನ್ನು ಪರದೆಯ ಹಿಂದೆ, ತಳ್ಳುಗಾಡಿಯ ಮೇಲಿದ್ದ ಜನರೇಟರಿನ ದಿಕ್ಕಿಗೆ ಇರಿಸಿದ್ದರು. ಎಲ್ಲ ಊರುಗಳಲ್ಲಿಯೂ ಹಾಗೆಯೇ ಇರಿಸುತ್ತಿದ್ದರು. ಎರಡನೆಯ ಹಾಡಿಗೇ ನಿರೂಪಕರು ಮೈಕ್ ಹಿಡಿದು, ಊರಿಗೆಲ್ಲ ಕೇಳುವಂತೆ ಗದರಿದರು: "ಏಯ್ ಶಿವಣ್ಣ, ಆ ಗಾಡಿ ಗೊರಕೆ ನಿಲ್ಸ್ಲಾ! ಸಿಂಗರ್ ವಾಯ್ಸೇ ಕೇಳಿಸ್ತಿಲ್ಲ!"

ಜನ ನಕ್ಕರು. "ನಂದಲ್ಲ ಸಾ, ಗಾಡಿ ನೆಟ್ಟಗದೆ" ಎಂದು ಶಿವಣ್ಣ ಕೂಗಿದ್ದು ಮೈಕಿಲ್ಲದೆ. ಕೇಳಿಸಿದ್ದು ಮುಂದಿನ ಸಾಲಿಗೆ ಮಾತ್ರ. ಅವರು ಜನರೇಟರನ್ನು ಹೊಲದಂಚಿಗೆ ತಳ್ಳಿಕೊಂಡು ಹೋದರು. ಅಷ್ಟು ದೂರಕ್ಕೆ ಬೇಕಾದ ವೈರನ್ನೂ ತಮ್ಮ ಖರ್ಚಿನಲ್ಲಿಯೇ ಹಾಕಿದರು. ಗೊರಕೆ ನಿಲ್ಲಲಿಲ್ಲ. ತಮಗಿಂತ ಹಿರಿಯನಾದ ದುಡಿಯುವ ಮನುಷ್ಯನನ್ನು ಮೈಕಿನಲ್ಲಿ ಏಕವಚನದಲ್ಲಿ ಕರೆಯಬಹುದೇ ಎಂದು ನಾನು ನಿರೂಪಕರೊಡನೆ ವಾದಕ್ಕಿಳಿದೆ. ಸದ್ದು ಯಾರದ್ದು ಎಂಬ ಪ್ರಶ್ನೆ ಮಾತ್ರ ನನಗೂ ಹೊಳೆಯಲಿಲ್ಲ.

ಮುಂದೆ ನಮ್ಮ ತಂಡದ ಮಾಲೀಕರು ಹೊಸ ಕೀಬೋರ್ಡ್ ತಂದರು. ವಾದಕನ ಎಡಗೈಯೇ ಬೇಸಿನ ಕೆಲಸ ಮಾಡುತ್ತದೆ, ಇನ್ನು ಮೇಲೆ ನೀವು ಎರಡು ಭಾವಗೀತೆ ಹಾಡಿಬಿಡಿ ಎಂದು ನನಗೆ ಸೂಚಿಸಿದರು. ನಾನು ತಂಡ ಬಿಟ್ಟೆ. ಗಿಟಾರ್ ಬೀರುವಿನ ಪಕ್ಕ ನಿಂತಿತು. ನುಡಿಸದೆ ಇಟ್ಟ ವಾದ್ಯ ಕೆಡುತ್ತದೆ. ನುಡಿಸುವವರಿಗೇ ಮಾರುವುದೆಂದು ನಿಶ್ಚಯಿಸಿದೆ. ಒಂದೇ ಷರತ್ತು: ಐದೂ ತಂತಿಗಳು ವೇದಿಕೆ ಹತ್ತಬೇಕು.

ಮೊದಲು ಬಂದವನು ನಮ್ಮೂರಿನವನೇ, ಮದುವೆಮನೆಗಳಲ್ಲಿ ನುಡಿಸುವವನು. ಮನೆಯೊಳಗೆಲ್ಲ ಕಣ್ಣಾಡಿಸಿ ಕೇಳಿದ: "ಸಾರ್ ಇಲ್ವಾ ಮೇಡಂ?"

"ಯಾವ ಸಾರ್?"

"ಅದೇ, ಗಿಟಾರ್ ಬಾರಿಸ್ತಿದ್ದೋರು."

"ಬಾರಿಸುತ್ತಿದ್ದವಳು ನಾನೇ."

ಅವನ ಮುಖ ಅರಳಿತು. "ಹಂಗಾದ್ರೆ ಚೆನ್ನಾಗೇ ಇರ್ತದೆ ಬಿಡಿ. ಲೇಡೀಸ್ ಕೈ, ಎಷ್ಟು ಸವೆದಿರ್ತದೆ?" ಅನಂತರ ದಪ್ಪ ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್ಟುಗಳು, ಸವೆದು ತಗ್ಗಾಗಿದ್ದನ್ನು ಕಂಡು, ಇದನ್ನು ಯಾರೋ ಗಂಡಸರಿಗೆ ಬಾಡಿಗೆಗೆ ಕೊಟ್ಟಿದ್ದೀರಿ ಎಂದು ನನ್ನ ಮೇಲೆಯೇ ಆರೋಪ ಹೊರಿಸಿದ. ನನ್ನ ದುಡಿಮೆಯ ಗುರುತನ್ನು ನನ್ನದೆಂದು ಒಪ್ಪದವನಿಗೆ ನಾನು ಗಿಟಾರನ್ನು ಕೊಡಲಿಲ್ಲ. ಕಾಫಿ ಕೊಟ್ಟೆ.

ಕಳಲೆಯಿಂದ ಬಂದ ಇನ್ನೊಬ್ಬ ಸಜ್ಜನನಿಗೆ ಎಲ್ಲವೂ ಒಪ್ಪಿಗೆಯಾಯಿತು. "ಒಂದು ಕಿತ್ತಾಕುದ್ರೆ ನಾಕಾಯ್ತದೆ, ಅಷ್ಟೇ ತಾನೆ?" ಎಂದ. ನಾನು ಚೀಲದ ಜಿಪ್ ಎಳೆದೆ.

"ಒಂದು ತಂತಿಗೋಸ್ಕರ ಯಾಪಾರ ಬುಡ್ತೀರಾ ಮೇಡಂ?"

"ಬಿಡುತ್ತೇನೆ" ಎಂದೆ. ಗಿಟಾರ್ ಮತ್ತೆ ಬೀರುವಿನ ಪಕ್ಕಕ್ಕೆ ಹೋಯಿತು.

ಕೊನೆಗೆ ತಿ. ನರಸೀಪುರದಿಂದ ಮಹದೇವು ಬಂದ. ಅಲ್ಲಿಯ ಒಂದು ತಂಡದಲ್ಲಿ ಬೇಸ್ ನುಡಿಸುವ ಯುವಕ. ಬಸ್ಸಿಳಿದು ಅವನು ಬಂದ ಮಧ್ಯಾಹ್ನವೇ ಕರೆಂಟಿಲ್ಲ. ಕೇಳಿಸದೆ ಮಾರುವುದು ಮೋಸವೆಂದು ನಂಬಿರುವ ನಾನು ಶಿವಣ್ಣನವರಿಗೆ ಹೇಳಿಕಳುಹಿಸಿದೆ. ಅವರು ಅಂಗಳದಲ್ಲಿ ಜನರೇಟರ್ ಹಚ್ಚಿ, ನನ್ನ ಸ್ಪೀಕರಿಗೆ ಕರೆಂಟು ಕೊಟ್ಟು, ಬಂದವರ ವ್ಯಾಪಾರ ನೋಡಲು ಜಗುಲಿಯ ಮೇಲೆ ಕುಳಿತರು. ಮಹದೇವು ಸವೆದ ಫ್ರೆಟ್ಟುಗಳ ಮೇಲೆ ಬೆರಳಾಡಿಸಿ, "ಮೇಡಂ, ಈ ತಂತಿಯ ಚೆನ್ನಾಗಿ ದುಡಿಸಿದ್ದೀರಿ" ಎಂದು ಐದನೆಯದನ್ನು ಮೀಟಿದ.

ಅದೇ ಹಳೆಯ ಗೊರಕೆ ಎದ್ದಿತು. ಶಿವಣ್ಣ ಎದ್ದು ಅಂಗಳಕ್ಕೆ ಓಡಿ ಜನರೇಟರ್ ಆರಿಸಿದರು. ಸದ್ದು ನಿಂತಿತು. "ನೋಡಿ ಅಕ್ಕಾವ್ರೆ, ಆಫ್ ಮಾಡಿದ್ರೆ ನಿಂತೋಯ್ತದೆ. ಎಷ್ಟು ರಿಪೇರಿ ಮಾಡ್ಸುದ್ರೂ ಈ ದರಿದ್ರದ ಗೊರಕೆ ಓಗ್ಲಿಲ್ಲ!" ಜನರೇಟರ್ ನಿಂತರೆ ನನ್ನ ಸ್ಪೀಕರಿಗೂ ಕರೆಂಟು ನಿಲ್ಲುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ, ಅವರನ್ನು ಬೈದವರಿಗಂತೂ ಹೊಳೆಯುವ ಅಗತ್ಯವೇ ಇರಲಿಲ್ಲ.

ಅದೇ ಹೊತ್ತಿಗೆ ಮನೆಯ ಕರೆಂಟು ಬಂದಿತು. ಮಹದೇವು ಸ್ಪೀಕರಿನ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿ ಮತ್ತೆ ಮೀಟಿದ. ಅಡುಗೆಮನೆಯ ಸ್ಟೀಲ್ ಲೋಟಗಳು ಝಲ್ಲೆಂದವು. ಶಿವಣ್ಣನವರ ಕೈ ಆರಿ ನಿಂತ ಜನರೇಟರಿನ ಮೇಲೆಯೇ ಇತ್ತು.

"ಗಾಡಿ ಸತ್ತು ಮಲಗದೆ. ಸದ್ದು ಎಲ್ಲಿಂದ ಬತ್ತಾ ಅದೆ?"

"ಇಲ್ಲಿಂದ ಕಣಣ್ಣೋ" ಎಂದು ಮಹದೇವು ಇನ್ನೊಮ್ಮೆ ಮೀಟಿ ತೋರಿಸಿದ.

ಶಿವಣ್ಣ ಗಿಟಾರನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ ತಂತಿಗೆ ನಾನು ಸೈಲೆನ್ಸರ್ ಬದಲಾಯಿಸ್ದೆ ಕಣಕ್ಕಾವ್ರೆ! ಅವತ್ತು ಮೈಕಲ್ಲಿ ಬೈದಾಗ ನಮ್ ಸೊಸೆ ಕಡೆಯೋರೂ ಜನದಲ್ಲಿ ಕೂತಿದ್ರು."

ಹೇಳುತ್ತ ಅವರು ನಕ್ಕರು. ನನಗೆ ನಗು ಬರಲಿಲ್ಲ. ಮಾಡದ ಸದ್ದಿಗೆ ಒಬ್ಬರಿಗೆ ಬೈಗುಳ, ಮಾಡಿದ ನಾದಕ್ಕೆ ಇನ್ನೊಬ್ಬರಿಗೆ ಮೌನ. ಎರಡಕ್ಕೂ ಕಾರಣವಾದ ಪರದೆ ಒಂದೇ.

ಬೆಲೆಯ ಮಾತು ಕಾಫಿ ಆರುವ ಮೊದಲೇ ಮುಗಿಯಿತು. ಷರತ್ತು ಹೇಳಿದಾಗ ಮಹದೇವು, "ಈ ತಂತಿಗೇ ಅಲ್ವಾ ಮೇಡಂ ನಾನು ಬಂದಿರೋದು?" ಎಂದ. ಶಿವಣ್ಣ ಗಿಟಾರನ್ನು ಬಸ್‌ಸ್ಟ್ಯಾಂಡಿನವರೆಗೆ ತಾವೇ ಹೊತ್ತರು. ನಾನು ಬೇಡವೆಂದರೂ ಕೇಳಲಿಲ್ಲ. ಇಷ್ಟು ಕಾಲ ತಮ್ಮ ಹೆಸರು ಕೆಡಿಸಿದ್ದನ್ನು ಒಮ್ಮೆ ಎತ್ತಿ ನೋಡುವ ಆಸೆಯಿರಬೇಕು.

ಆದ್ದರಿಂದ ಸೋಮನಾಥಪುರದ ಸಂಘಟಕರೇ, ನಿರೂಪಕರೇ, ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಮುಂದಿಡುತ್ತಿದ್ದೇನೆ. ಬರುವ ಗಣಪತಿ ಹಬ್ಬಕ್ಕೆ ಮಹದೇವುವಿನ ತಂಡ ನಿಮ್ಮಲ್ಲಿಗೆ ಬರಲಿದೆ, ಜನರೇಟರ್ ಶಿವಣ್ಣನವರದೇ. ಬೇಸಿನ ಸ್ಪೀಕರನ್ನು ಪರದೆಯ ಮುಂದೆ ಇಡಿ. ನುಡಿಸುವವನ ಹೆಸರನ್ನು ಗಾಯಕರ ಹೆಸರಿನೊಡನೆ ಹೇಳಿ. ಅಂದು ಶಿವಣ್ಣ ಹಾಕಿದ ವೈರಿನ ಖರ್ಚನ್ನು ತೀರಿಸಿ. ಮತ್ತು ಮೊದಲ ಹಾಡಿಗೆ ಮುನ್ನ ಶಿವಣ್ಣನವರನ್ನು ಬಹುವಚನದಲ್ಲಿ ವೇದಿಕೆಗೆ ಕರೆದು ಕ್ಷಮೆ ಕೇಳಿ. ಪರದೆಯ ಹಿಂದೆ, ಕಿವಿಯಲ್ಲಿ ಕೇಳಿದರೆ ನಾನು ಒಪ್ಪುವುದಿಲ್ಲ. ಬೈದದ್ದು ಮೈಕಿನಲ್ಲಿ, ಕ್ಷಮೆಯೂ ಮೈಕಿನಲ್ಲಿಯೇ ಬರಬೇಕು.