ನಾನು ಹತ್ತದ ಹಡಗು

ಇಲ್ಲಿ ಡಿಸೆಂಬರ್ ಎಂದರೆ ಕಡುಬೇಸಿಗೆ; ಆ ಶನಿವಾರ ನಾವಿರುವ ಟಾರ್ನೀಟ್‌ನಲ್ಲಿ ಮೂವತ್ತೊಂಬತ್ತು ಡಿಗ್ರಿ ಬಿಸಿಲಿತ್ತು. ನಮ್ಮ ಗ್ಯಾರೇಜಿನ ನೆಲಕ್ಕೆ ಹಾಸಿದ ಹಳೆಯ ಜಮಖಾನೆಯ ಮೇಲೆ ಉಣ್ಣೆಯ ಒಳಂಗಿಗಳು, ದಪ್ಪ ಕಾಲುಚೀಲಗಳು, ನೀರು ಇಳಿಯದ ಪ್ಯಾಂಟುಗಳು, ಕೈಗವಸುಗಳು ಹರಡಿಕೊಂಡಿದ್ದವು. ಎಲ್ಲವೂ ಎರಡೆರಡು: ಒಂದು ನನ್ನ ಹೆಂಡತಿಗೆ, ಒಂದು ನನಗೆ. ಜನವರಿ ಕೊನೆಗೆ ನಾವಿಬ್ಬರೂ ಹಡಗಿನಲ್ಲಿ ಅಂಟಾರ್ಟಿಕಾಕ್ಕೆ ಹೋಗುವವರಿದ್ದೆವು.

ಅದು ಅವಳ ಆಸೆ. ಅವಳು ರಕ್ತಪರೀಕ್ಷೆಯ ಕೇಂದ್ರವೊಂದರಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಅಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಮುದುಕಿಯೊಬ್ಬಳು, ಸೂಜಿ ಚುಚ್ಚುವಾಗ ಆ ಕಡೆ ಮುಖ ತಿರುಗಿಸಿಕೊಂಡು, ತಾನು ಎಪ್ಪತ್ತನೇ ವಯಸ್ಸಿನಲ್ಲಿ ದಕ್ಷಿಣ ಧ್ರುವದ ಕಡೆ ಹೋಗಿಬಂದ ಕತೆ ಹೇಳುತ್ತಿದ್ದಳಂತೆ. ಸೂಜಿ ಹೊರಬಂದ ಕೂಡಲೇ ಕತೆಯೂ ನಿಲ್ಲುತ್ತಿತ್ತು. ಹೀಗೆ ಐದು ವರ್ಷ ತುಂಡು ತುಂಡಾಗಿ ಕೇಳಿದ್ದನ್ನು ನನ್ನ ಹೆಂಡತಿ ಸಂಜೆ ಚಪಾತಿ ಲಟ್ಟಿಸುತ್ತ ನನಗೆ ದಾಟಿಸುತ್ತಿದ್ದಳು. ಮಂಜುಗಡ್ಡೆ ನೀಲಿಯಾಗಿರುತ್ತದಂತೆ. ಪೆಂಗ್ವಿನ್‌ಗಳು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುತ್ತವಂತೆ. ಒಂದು ತಿಂಗಳು ಮುದುಕಿ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ.

"ನನಗ ಐವತ್ತು ತುಂಬಿದಾಗ ನಾವೂ ಹೋಗೂಣ್ರಿ," ಎಂದಳು ಹೆಂಡತಿ.

"ಆತು, ಹೋಗೂಣು," ಎಂದೆ. ಅವಳಿಗೆ ಐವತ್ತಾಗಲು ಇನ್ನೂ ಎರಡು ವರ್ಷವಿತ್ತು. ಅಷ್ಟರಲ್ಲಿ ಮರೆತಾಳು ಎಂದುಕೊಂಡಿದ್ದೆ. ಅವಳು ಮರೆಯಲಿಲ್ಲ.

ನನ್ನದು ನೀರಿನ ಭಯವಲ್ಲ. ಬೇಕೆಂದಾಗ ಹೊರಗೆ ಹೋಗಲಾಗದ ಜಾಗದ ಭಯ. ಹುಬ್ಬಳ್ಳಿಯಲ್ಲಿ ಆರನೇ ಇಯತ್ತೆ ಓದುತ್ತಿದ್ದಾಗ ಸೋದರಮಾವನ ಹತ್ತಿ ಗೋದಾಮಿನಲ್ಲಿ ಮೂಟೆಗಳ ಸಂದಿಯಲ್ಲಿ ಆಡುತ್ತ ನಿದ್ದೆ ಹೋಗಿದ್ದೆ. ನಾನು ಒಳಗಿರುವುದು ತಿಳಿಯದೆ ಕೆಲಸದವರು ಶಟರ್ ಎಳೆದು ಹೋದರು. ಎಚ್ಚರವಾದಾಗ ಕತ್ತಲೆ, ಬಾಯಿ ಮೂಗಿನಲ್ಲೆಲ್ಲ ಹತ್ತಿಯ ಧೂಳು. ಎರಡು ಮೂರು ತಾಸು ಕೂಗಿದ ಮೇಲೆ ಯಾರೋ ಬಂದು ತೆಗೆದರು. ಮನೆಯಲ್ಲಿ ಬೈದರು, ಊಟ ಹಾಕಿದರು, ವಿಷಯ ಅಲ್ಲಿಗೇ ಮುಗಿಯಿತು. ನನ್ನೊಳಗೆ ಮಾತ್ರ ಮುಗಿಯಲಿಲ್ಲ.

ಆಫೀಸಿನಲ್ಲಿ ನಾಲ್ಕನೇ ಮಹಡಿಗೆ ಮೆಟ್ಟಿಲಲ್ಲೇ ಹೋಗುತ್ತೇನೆ. ಜೊತೆಯವರು ನನ್ನ ಫಿಟ್ನೆಸ್ ಹೊಗಳುತ್ತಾರೆ, ನಾನು ನಗುತ್ತೇನೆ. ವಿಮಾನದಲ್ಲಿ ಓಡಾಡಲು ಅನುಕೂಲವಾದ ಸೀಟು ಹಿಡಿದು ಹೇಗೋ ಊರು ಮುಟ್ಟುತ್ತೇನೆ. ಇದನ್ನು ಹೆಂಡತಿಗೆ ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಮೊದಮೊದಲು ನಾಚಿಕೆ. ಆಮೇಲೆ, ಹಿತ್ತಲಿಗೆ ಬಂದ ಹಾವಿನ ಮೇಲೆ ನಾನು ಬಕೆಟ್ ಮುಚ್ಚಿದ ದಿನದಿಂದ ಅವಳು ಬಂದವರಿಗೆಲ್ಲ "ನಮ್ಮನಿಯವರಿಗೆ ಅಂಜಿಕಿ ಅನ್ನೂದ ಗೊತ್ತಿಲ್ಲ" ಎಂದು ಹೇಳತೊಡಗಿದ್ದಳು. ಆ ಮಾತು ಕೇಳಲು ನನಗೂ ಹಿತವಾಗಿತ್ತು.

ಹಡಗಿನವರು ಕಳಿಸಿದ ಪುಸ್ತಿಕೆಯಲ್ಲಿ ಒಂದು ಸಾಲಿತ್ತು. ದಕ್ಷಿಣ ಅಮೆರಿಕದ ತುದಿಯಿಂದ ಎರಡು ದಿನ ಬಿರುಸಾದ ಸಮುದ್ರ ದಾಟಬೇಕು, ಅಲೆ ಜೋರಾದರೆ ಡೆಕ್ಕಿನ ಬಾಗಿಲುಗಳನ್ನು ಮುಚ್ಚಲಾಗುವುದು, ಪ್ರಯಾಣಿಕರು ಕ್ಯಾಬಿನ್ನುಗಳಲ್ಲೇ ಇರಬೇಕು. ದಿನಾ ಬೆಳಿಗ್ಗೆ ಸಿಟಿಗೆ ಹೋಗುವ ಟ್ರೈನಿನಲ್ಲಿ ಆ ಸಾಲನ್ನು ಓದುತ್ತಿದ್ದೆ. ಓದಿದಷ್ಟೂ ಕ್ಯಾಬಿನ್ ಚಿಕ್ಕದಾಗುತ್ತಿತ್ತು. ಹಡಗಿನ ಮೆಡಿಕಲ್ ಫಾರ್ಮಿನಲ್ಲಿ, ಮುಚ್ಚಿದ ಜಾಗಗಳಲ್ಲಿ ಗಾಬರಿಯಾಗುತ್ತದೆಯೇ ಎಂಬ ಪ್ರಶ್ನೆಯೇ ಇತ್ತು. ಅದನ್ನು ತುಂಬುತ್ತಿದ್ದ ನಮ್ಮ ಡಾಕ್ಟರು ತಲೆ ಎತ್ತಿ ನೋಡಿದರು. ನಾನು ಇಲ್ಲ ಎಂದೆ. ಅವರು ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಿದರು.

ಇತ್ತ ಹೆಂಡತಿ ಪಟ್ಟಿ ಹಿಡಿದು ಒಂದೊಂದೇ ಸಾಮಾನು ಕೂಡಿಸುತ್ತಿದ್ದಳು. ಬೇಸಿಗೆಯ ಸೇಲ್ ನಡೆದಿದ್ದ ಅಂಗಡಿಯಲ್ಲಿ ಚಡ್ಡಿ ಬನಿಯನ್ನುಗಳ ನಡುವೆ ನಿಂತು ಉಣ್ಣೆಯ ಟೋಪಿ ಕೇಳಿದಾಗ ಅಲ್ಲಿಯ ಹುಡುಗಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಹೆಂಡತಿಯ ಜೊತೆ ಕೆಲಸ ಮಾಡುವ ಒಬ್ಬರು ಎರಡು ಸ್ಕೀ ಜಾಕೆಟ್ ಕೊಟ್ಟರು. ಅವುಗಳ ಕೈತುದಿಯ ವೆಲ್‌ಕ್ರೋ ಪಟ್ಟಿಗಳಲ್ಲಿ ಒಣ ಹುಲ್ಲಿನ ಬೀಜಗಳು ಸಿಕ್ಕಿಕೊಂಡಿದ್ದವು. ಆ ನೆಲಕ್ಕೆ ಹೊರಗಿನ ಒಂದು ಬೀಜವೂ ಹೋಗಕೂಡದು ಎಂದು ಹಡಗಿನವರ ಕಟ್ಟಪ್ಪಣೆ. ಅವಳು ಚಿಮಟ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ವಾರಗಟ್ಟಲೆ ಬೀಜ ಕೀಳುತ್ತ ಕೂತಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನಾನು ನೋಡಿ ಬಹಳ ದಿನವಾಗಿತ್ತು. ಅದಕ್ಕೇ ಬಾಯಿ ಬಿಡಲು ಆಗುತ್ತಿರಲಿಲ್ಲ.

ಪಟ್ಟಿಯ ಕೊನೆಗೆ ಹೀಗಿತ್ತು: ಹೊರಡುವ ಮುನ್ನ ಎಲ್ಲ ಬಟ್ಟೆಗಳನ್ನೂ ಒಟ್ಟಿಗೆ ಹಾಕಿಕೊಂಡು ಕೈಕಾಲು ಆಡಿಸಿ ನೋಡಿ. ಆ ಶನಿವಾರ ನಾವು ಮಾಡಹೊರಟದ್ದು ಅದನ್ನೇ.

"ಐದ ನಿಮಿಷರಿ. ಹಾಕ್ಕೋರಿ, ಕೂತು ಎದ್ದು ಮಾಡ್ರಿ, ತಗೀರಿ," ಎಂದಳು.

ಹದಿನೆಂಟರ ಮಗಳು ಫೋನ್ ಹಿಡಿದು ವಿಡಿಯೋ ಮಾಡಲು ನಿಂತಳು. ಒಳಂಗಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಸ್ವೆಟರ್, ಎರಡು ಪ್ಯಾಂಟು, ಜಾಕೆಟ್, ಕೈಗವಸು. ಕುತ್ತಿಗೆಯಿಂದ ಮೂಗಿನ ತನಕ ಎಳೆದುಕೊಳ್ಳುವ ಉಣ್ಣೆಯ ಪಟ್ಟಿ. ಹೆಂಡತಿ ಮುಂದೆ ನಿಂತು ಜಾಕೆಟ್ಟಿನ ಜಿಪ್ಪನ್ನು ಗದ್ದದವರೆಗೆ ಎಳೆದಳು, ಟೋಪಿಯನ್ನು ಹಣೆಗೆ ಬಿಗಿದಳು. "ಅಪ್ಪಾ, ಯು ಲುಕ್ ಲೈಕ್ ಎ ಮ್ಯಾಟ್ರೆಸ್," ಎಂದು ಮಗಳು ನಕ್ಕಳು. ನಾನೂ ನಕ್ಕೆ. ನಗುವಾಗ ಎಳೆದ ಉಸಿರಿನೊಂದಿಗೆ ಉಣ್ಣೆ ಬಾಯಿಗೆ ಅಂಟಿತು.

ಜಿಪ್ ಇಳಿಸಲು ಹೋದೆ. ಅದು ಕುತ್ತಿಗೆಪಟ್ಟಿಯ ಉಣ್ಣೆಯನ್ನು ಕಚ್ಚಿಕೊಂಡಿತ್ತು. ಎಳೆದೆ, ಬರಲಿಲ್ಲ. ಗವಸು ಹಾಕಿದ ಬೆರಳುಗಳಿಗೆ ಏನೂ ಸಿಗುತ್ತಿರಲಿಲ್ಲ. ಎದೆ ಡವಗುಟ್ಟತೊಡಗಿತು. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು, ಆಚೆ ರಸ್ತೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಆದರೂ ನಾನು ಗೋದಾಮಿನೊಳಗಿದ್ದೆ. ಕಾಂಕ್ರೀಟಿನ ಮೇಲೆ ಕೂತುಬಿಟ್ಟೆ. ಏನೋ ಕೂಗಿದೆನಂತೆ, ಏನೆಂದು ನೆನಪಿಲ್ಲ.

ಹೆಂಡತಿ ಒಳಗೆ ಓಡಿಹೋಗಿ ಅಡುಗೆಮನೆಯ ಕತ್ತರಿ ತಂದು ಕುತ್ತಿಗೆಪಟ್ಟಿಯನ್ನು ಸೀಳಿದಳು. ಮಗಳು ಫೋನನ್ನು ಕಾರಿನ ಮೇಲಿಟ್ಟು ಕೈಗವಸು ಕಿತ್ತಳು. ಇಬ್ಬರೂ ಸೇರಿ ನನ್ನನ್ನು ಒಂದೊಂದೇ ಪದರದಿಂದ ಬಿಡಿಸಿದರು. ಬನಿಯನ್ನಿಗೆ ಬಂದಾಗ ಉಸಿರು ಸರಿಯಾಯಿತು.

ಒಳಗೆ ಫ್ಯಾನಿನ ಕೆಳಗೆ ಕೂರಿಸಿ ಹೆಂಡತಿ ಮಜ್ಜಿಗೆ ಕೊಟ್ಟಳು. "ಬಿಸಲಿಗೆ ಹಂಗಾತೇನ್ರಿ? ಆಂಬುಲೆನ್ಸ್ ಕರೀಲೇನು?" ಎಂದು ಕೇಳಿದಳು, ನನ್ನ ನಾಡಿ ಹಿಡಿದುಕೊಂಡೇ.

ಹೌದು, ಬಿಸಿಲಿಗೆ ಎಂದರೆ ಮುಗಿದುಹೋಗುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಆದರೆ ಸುಳ್ಳು ಹೇಳಲು ಬೇಕಾದಷ್ಟು ಶಕ್ತಿ ಉಳಿದಿರಲಿಲ್ಲ. "ಬಿಸಲಿಗಲ್ಲ. ನನಗ ಅಂಜಿಕಿ," ಎಂದೆ. ಗೋದಾಮು, ಮೆಟ್ಟಿಲು, ಪುಸ್ತಿಕೆಯ ಸಾಲು, ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಅರ್ಧ ತಾಸೂ ಹಿಡಿಯಲಿಲ್ಲ.

ಅವಳು ನಾಡಿ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಕಿಟಕಿಯಿಂದ ಕಾಣುತ್ತಿತ್ತು: ಪೈಪು ಹಿಡಿದು ಕರಿಬೇವಿನ ಗಿಡದ ಬುಡಕ್ಕೆ ನೀರು ಬಿಡುತ್ತ ನಿಂತಿದ್ದಳು, ನೀರು ಅಂಚು ದಾಟಿ ಹರಿದರೂ ನೋಡದೆ. ನನಗೆ ಈಗ ಬೇರೆಯೇ ಭಯ. "ಹೋಗಲಿ ಬಿಡ್ರಿ, ಇಬ್ಬರೂ ಬ್ಯಾಡ" ಎಂದುಬಿಡುತ್ತಾಳೆ. ಜೀವನಪೂರ್ತಿ ನಾನು ಅವಳ ಅಂಟಾರ್ಟಿಕಾ ತಪ್ಪಿಸಿದವನಾಗಿ ಉಳಿಯುತ್ತೇನೆ.

ಬಂದು ಎದುರಿಗೆ ಕೂತಳು. ಕಣ್ಣು ಕೆಂಪಾಗಿತ್ತು.

"ಅಂಜಿಕಿಗೆ ನಾ ಏನೂ ಅನ್ನಂಗಿಲ್ಲ. ಆದರ ಡಾಕ್ಟರ್ ಮುಂದ ಸುಳ್ಳು ಹೇಳೀರಲ್ಲ. ನಡುವ ಸಮುದ್ರದಾಗ ಹಿಂಗ ಆಗಿದ್ದರ ನಾ ಕತ್ತರಿ ಎಲ್ಲಿಂದ ತರಲ್ರಿ?"

ನಾನು ಮಜ್ಜಿಗೆಯ ಕೊನೆಯ ಗುಟುಕು ಕುಡಿದೆ.

"ನೀವು ಬರಬ್ಯಾಡ್ರಿ," ಎಂದಳು. ಕಣ್ಣು ಒರೆಸಿಕೊಂಡು, "ನಾ ಮಾತ್ರ ಹೋಗಾಕಿನ," ಎಂದಳು.

ಆ ಎರಡನೇ ಮಾತು ಕೇಳಿದಾಗ ಆದ ನಿರಾಳವನ್ನು ಹೇಗೆ ಹೇಳಲಿ. ಲೋಟ ಕೆಳಗಿಟ್ಟು ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ಅವಳು ತಿಳಿದಳು. ನಿಜವಾಗಿ ನಗು ಬರುತ್ತಿತ್ತು. ತಿಂಗಳುಗಳಿಂದ ಹೊಟ್ಟೆಯೊಳಗೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಗಿತ್ತು.

ಅವಳ ಅಕ್ಕ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿದ್ದಾರೆ. ಐವತ್ತಾರು ವಯಸ್ಸು, ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸ, ಒಬ್ಬರೇ ಇರುತ್ತಾರೆ. ನನ್ನ ಬದಲು ಬರುವಿರಾ ಎಂದು ಕೇಳಲು ಮರುದಿನ ಬೆಳಿಗ್ಗೆ ಫೋನ್ ಮಾಡಿದಾಗ ಸ್ಪೀಕರಿನಲ್ಲಿ ನಾನೂ ಇದ್ದೆ. ಸತ್ಯವನ್ನು ನಾನೇ ಹೇಳಬೇಕು ಎಂದು ಹೆಂಡತಿಯ ಷರತ್ತು. ಹೇಳಿದೆ.

"ನಾನು ಲಿಫ್ಟಿನ್ಯಾಗ ಒಬ್ಬಾಕಿನ ಹೋಗಂಗಿಲ್ಲ, ಗೊತ್ತೈತೇನು ನಿಮಗ?" ಎಂದರು ಅಕ್ಕ.

ಹೆಂಡತಿ ತಲೆಗೆ ಕೈಹಚ್ಚಿಕೊಂಡಳು. ಆದರೆ ಅವರದು ಲಿಫ್ಟಿಗಷ್ಟೇ ಸೀಮಿತವಂತೆ, ಅದೂ ಯಾರಾದರೂ ಜೊತೆಗಿದ್ದರೆ ಏನೂ ಇಲ್ಲವಂತೆ. ಒಂದು ದಿನ ಯೋಚಿಸಿ ಬರುತ್ತೇನೆಂದರು. ಈ ಸಲ ಫಾರ್ಮಿನಲ್ಲಿ ಲಿಫ್ಟಿನ ವಿಷಯವನ್ನೂ ಮೊಣಕಾಲಿನ ನೋವನ್ನೂ ಬರೆಸಿದರು. ಅವರ ಡಾಕ್ಟರು ಮಾತಾಡಿಸಿ ನೋಡಿ ಸಹಿ ಹಾಕಿದರು. ನನ್ನ ಜಾಗಕ್ಕೆ ಅಕ್ಕನ ಹೆಸರು ಸೇರಿಸಬಹುದೇ ಎಂದು ಹಡಗಿನವರಿಗೆ ಬರೆದು ಕಾದೆವು. ಮೂರನೇ ದಿನ, ಆಗಬಹುದು ಎಂದು ಇ-ಮೇಲ್ ಬಂತು. ಅಂದು ರಾತ್ರಿ ಎಷ್ಟೋ ವಾರಗಳ ಮೇಲೆ ನನಗೆ ಗಾಢ ನಿದ್ದೆ ಬಂತು.

ಜನವರಿಯಲ್ಲಿ ವಿಮಾನ ಸಿಡ್ನಿಯಿಂದಲೇ ಇತ್ತು. ಕಾರಿನ ಡಿಕ್ಕಿ ತುಂಬ ಚಳಿಯ ಬಟ್ಟೆ ತುಂಬಿಕೊಂಡು, ಏಸಿ ಪೂರ್ತಿ ತಿರುವಿ, ನಾವು ಮೂವರೂ ಟಾರ್ನೀಟ್‌ನಿಂದ ಸ್ಕೋಫೀಲ್ಡ್ಸ್‌ಗೆ ಹೋದೆವು. ನನಗಾಗಿ ತಂದ ಬಟ್ಟೆಯನ್ನು ಅಕ್ಕ ಹಾಕಿ ನೋಡಿದರು. ಪ್ಯಾಂಟು ನೆಲ ಗುಡಿಸುತ್ತಿತ್ತು. ಅವರು ಹೊಲಿಗೆ ಮಷೀನು ತೆಗೆದು ಕಾಲು ಮಡಿಸಿ ಹೊಲಿದರು. ಒಳಂಗಿಯ ತೋಳು ಉದ್ದವಾಗಿದ್ದಕ್ಕೆ, "ಇರಲಿ ಬಿಡು, ಅಂಗೈ ಬೆಚ್ಚಗಿರ್ತಾವ," ಎಂದರು.

ಆಮೇಲೆ ಎಳ್ಳಿನ ಜಗಳ. ಅಕ್ಕ ದಾರಿಗೆಂದು ಒಂದು ಡಬ್ಬಿ ತುಂಬ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದಿಟ್ಟಿದ್ದರು. ತಂಗಿ ಡಬ್ಬಿ ತೆಗೆದು ನೋಡಿ ಗಾಬರಿಯಾದಳು.

"ಅಕ್ಕಾ, ಒಂದು ಬೀಜ ಒಯ್ಯಂಗಿಲ್ಲ ಅಂತ ನಾ ವಾರಗಟ್ಟಲೆ ಚಿಮಟ ಹಿಡಿದು ಕೂತೀನಿ. ನೀ ನೋಡಿದರ ಎಳ್ಳು ತುಂಬೀಯಲ್ಲ."

"ಬೆಂದ ಎಳ್ಳು ಐಸಿನ್ಯಾಗ ಬೆಳೀತೈತೇನು?"

"ಬೆಳೀಲಿ ಬಿಡಲಿ, ರೂಲ್ ಅಂದ್ರ ರೂಲ್."

ಡಬ್ಬಿ ನನ್ನ ಪಾಲಿಗೆ ಬಂತು. ಊಟದ ಮೇಜಿನ ಬಳಿ ಕೂತು ಶೇಂಗಾ ಚಟ್ನಿ ಹಚ್ಚಿಕೊಂಡು ರೊಟ್ಟಿ ಮುರಿಯುತ್ತ, ಅಕ್ಕತಂಗಿಯರು ಸೂಟ್‌ಕೇಸ್ ತೂಗುವುದನ್ನು ನೋಡುತ್ತಿದ್ದೆ. ತೂಕ ಹೆಚ್ಚಾಯಿತೆಂದು ಒಬ್ಬರು ತೆಗೆದಿಟ್ಟದ್ದನ್ನು ಇನ್ನೊಬ್ಬರು ಹಿಂದಿನಿಂದ ಮತ್ತೆ ತುಂಬುತ್ತಿದ್ದರು. ಇಬ್ಬರೂ ಹೀಗೆ ಕೊನೆಯ ಸಲ ಒಂದೇ ಕೋಣೆಯಲ್ಲಿ ನಗುತ್ತ ಪ್ಯಾಕ್ ಮಾಡಿದ್ದು ತಂಗಿಯ ಮದುವೆಯ ಹಿಂದಿನ ದಿನವಂತೆ. ನಾನು ಬಾಯಿ ಮುಚ್ಚಿಕೊಂಡು ಹೊರಟಿದ್ದರೆ ಈ ನಗುವೂ ಇರುತ್ತಿರಲಿಲ್ಲ ಎಂದುಕೊಂಡೆ.

ಏರ್‌ಪೋರ್ಟಿನಲ್ಲಿ ಹೆಂಡತಿ ನನ್ನ ಕೈ ಹಿಡಿದು, "ನಿಮಗ ಬ್ಯಾಸರ ಇಲ್ಲಲ್ಲ?" ಎಂದು ಕೇಳಿದಳು. ಸ್ವಲ್ಪ ಇತ್ತು. ನೀಲಿ ಮಂಜುಗಡ್ಡೆ ಕಂಡಾಗ ಅವಳ ಮುಖ ಹೇಗಿರುತ್ತದೋ, ಅದನ್ನು ನಾನು ನೋಡುವುದಿಲ್ಲ. "ಸ್ವಲ್ಪ ಐತಿ. ಆದರ ಹಗುರಾಗೇನಿ," ಎಂದೆ. ಅವರಿಬ್ಬರೂ ಗೇಟು ದಾಟಿ ತಿರುವಿನಲ್ಲಿ ಮರೆಯಾದರು.

ವಾಪಸು ಬರುವಾಗ ಮಗಳು ಕಾರು ಓಡಿಸಿದಳು. ದಾರಿಯಲ್ಲಿ ಗೋಲ್ಬರ್ನ್ ಊರು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, "ಅಪ್ಪಾ, ಐ ಡಿಲೀಟೆಡ್ ದಟ್ ವಿಡಿಯೋ. ಸೇಮ್ ಡೇ," ಎಂದಳು. ನಾನು ಕೇಳಿರಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. "ಥ್ಯಾಂಕ್ಸ್, ಪುಟ್ಟಿ," ಎಂದೆ. "ಯು ಶುಡ್ ಟೆಲ್ ದ ಡಾಕ್ಟರ್ ಆಲ್ಸೋ," ಎಂದಳು. ಆ ವಾರವೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಸೈಕಾಲಜಿಸ್ಟ್ ಒಬ್ಬರಿಗೆ ಚೀಟಿ ಬರೆದುಕೊಟ್ಟರು. ಈಗ ಎರಡು ವಾರಕ್ಕೊಮ್ಮೆ ಹೋಗುತ್ತೇನೆ. ನಿಧಾನಕ್ಕೆ ನಡೆದಿದೆ.

ಹಡಗು ಹೊರಟ ಮೇಲೆ ಮೂರು ದಿನ ಸುದ್ದಿಯಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಒಂದು ಮೆಸೇಜು ಬಂತು: "ದಾಟಿದ್ವಿ. ಅಕ್ಕ ಎರಡು ದಿನ ವಾಂತಿ ಮಾಡಿ ಈಗ ಇಡ್ಲಿ ಕೇಳಾಕತ್ತಾಳ. ನಾ ಆರಾಮ." ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಪಕ್ಕದ ಡೆಸ್ಕಿನವರು ಒಳ್ಳೆಯ ಸುದ್ದಿಯೇ ಎಂದು ಕೇಳಿದರು. ಹೌದೆಂದೆ.

ಫೆಬ್ರುವರಿ ಮಧ್ಯದಲ್ಲಿ ಅವಳು ಮನೆಗೆ ಬಂದಳು. ಕಪ್ಪು ಕನ್ನಡಕದ ಜಾಗ ಬಿಟ್ಟು ಉಳಿದ ಮುಖವೆಲ್ಲ ಬಿಸಿಲಿಗೆ ಸುಲಿದಿತ್ತು. ಸ್ನಾನ ಮಾಡಿ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ, ಬಿಸಿ ಅನ್ನ ಸಾರು ಉಣ್ಣುತ್ತ ಗಂಟೆಗಟ್ಟಲೆ ಹೇಳಿದಳು. ಮುದುಕಿ ಹೇಳಿದ್ದೆಲ್ಲ ನಿಜವಂತೆ, ಪೆಂಗ್ವಿನ್‌ನ ನಾತ ಮಾತ್ರ ಹೇಳಿದ್ದಕ್ಕಿಂತ ಜಾಸ್ತಿಯಂತೆ. ಮೊದಲ ಸಂಜೆಯೇ ಅಲೆ ಎದ್ದು ಡೆಕ್ಕಿನ ಬಾಗಿಲು ಮುಚ್ಚಿದರಂತೆ.

"ಅಂಜಿಕಿ ಬಂತೇನು?" ಎಂದು ಕೇಳಿದೆ.

"ಬಂತ್ರಿ. ಕೈಕಾಲು ತಣ್ಣಗಾದವು," ಎಂದಳು. ತುತ್ತು ನುಂಗಿ ನನ್ನನ್ನು ನೋಡಿ ನಕ್ಕಳು. "ನೀವು ಇದ್ದಿದ್ರ ನಿಮ್ಮನ್ನ ಹಿಡಕೊಂಡು ಕೂಡಬೇಕಾಗ್ತಿತ್ತು. ಇರಲಿಲ್ಲಲ್ಲ, ನನಗ ಆರಾಮಾಗಿ ಅಂಜಾಕ ಪುರಸೊತ್ತು ಸಿಕ್ತು."

ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ. ಎರಡನೆಯ ದಿನದ ಕತೆ ಶುರುಮಾಡಿದಳು.