ಕೀಲಿ ಹಾಕಿ, ಕೀಲಿಕೈ ನಿಮ್ಮಲ್ಲೇ ಇಟ್ಟುಕೊಳ್ಳಿ

ಮುಡಬಿಯ ಜಗದೇವಿಗೆ ಪೋರ್ತುಗೀಸ್ ಬರುತ್ತದೆಂದರೆ ಹುಮನಾಬಾದಿನ ಜನ ನಗುತ್ತಾರೆ. ನಗಲಿ. ಗೋವಾದಲ್ಲಿ ಹದಿನಾಲ್ಕು ವರ್ಷ ಒಬ್ಬ ಮುದಿ ಟೀಚರಮ್ಮನ ಆರೈಕೆ ಮಾಡಿದವಳು ಅವಳು. ಆ ತಾಯಿ ಬಾಯಿ ತೆರೆದರೆ ಪೋರ್ತುಗೀಸೇ. ಕಣ್ಣು ಮಂಜಾದ ಮೇಲೆ ಇವಳಿಗೇ ಅಕ್ಷರ ಕಲಿಸಿ ಪೇಪರು ಓದಿಸಿಕೊಂಡಳು. ಇಂಗ್ಲಿಷೂ ಅಲ್ಲೇ ಬಂತು.

ಟೀಚರಮ್ಮ ತೀರಿಕೊಂಡ ಮೇಲೆ ಜಗದೇವಿ ಹುಮನಾಬಾದಿನ ಓಂಪ್ರಕಾಶನ ವರ್ಕ್‌ಶಾಪು ಸೇರಿದಳು. ಅವನು ತೊಗರಿಬೇಳೆ ಒಡೆಯುವ ಮಷೀನು ಮಾಡುತ್ತಾನೆ. ತೊಗರಿ ಬೆಳೆಯುವ, ಪೋರ್ತುಗೀಸ್ ಆಡುವ ಮೊಜಾಂಬಿಕ್‌ನಿಂದ ಆರ್ಡರ್ ಬಂದಿತ್ತು. ಮಷೀನಿನ ಜೊತೆ ಹೋಗುವ ಪುಸ್ತಕವನ್ನು ಇಂಗ್ಲಿಷಿನಿಂದ ಪೋರ್ತುಗೀಸಿಗೆ ಇಳಿಸುವುದು ಅವಳ ಕೆಲಸ.

ಒಂಬತ್ತನೇ ಪುಟದಲ್ಲಿ ಪೆನ್ನು ನಿಂತಿತು. ‘ಮುಚ್ಚಳ ತೆಗೆಯುವ ಮುನ್ನ ಮೇನ್ ಸ್ವಿಚ್ ಆರಿಸಿ, ಕೀಲಿ ಹಾಕಿ, ಕೀಲಿಕೈ ನಿಮ್ಮಲ್ಲೇ ಇಟ್ಟುಕೊಳ್ಳಿ.’ ಬರೆಯಲು ಎರಡು ನಿಮಿಷದ ಮಾತು. ಆದರೆ ಶೆಡ್ಡಿನಲ್ಲಿ ನಿಂತ ಮಷೀನಿನ ಸ್ವಿಚ್ಚಿಗೆ ಕೀಲಿ ಹಾಕುವ ಜಾಗವೇ ಇರಲಿಲ್ಲ.

ಈ ಕಡೆಯ ಎಷ್ಟೋ ಮಿಲ್ಲುಗಳಲ್ಲಿ, ಒಳಗೆ ಕೈ ಹಾಕುವವನು ತನ್ನ ಟಾವೆಲ್ಲನ್ನು ಸ್ವಿಚ್ಚಿಗೆ ಕಟ್ಟುತ್ತಾನೆ. ಟಾವೆಲ್ ಇರುವತನಕ ಯಾರೂ ಮುಟ್ಟಬಾರದು, ಅದೇ ಕಾಯಿದೆ. ಅವಳ ಅಣ್ಣ ಸಿದ್ದಪ್ಪನೂ ಹಾಗೇ ಕಟ್ಟಿದ್ದ. ಯಾರೋ ಬೆವರು ಒರೆಸಿಕೊಳ್ಳಲು ಬಿಚ್ಚಿಕೊಂಡರು, ಇನ್ನಾರೋ ಸ್ವಿಚ್ ಹಾಕಿದರು. ಅವನ ಬಲಗೈಯಲ್ಲಿ ಈಗ ಹೆಬ್ಬೆರಳೊಂದೇ ಇದೆ. ಮನೆ ನಡೆಯುವುದು ಜಗದೇವಿಯ ಪಗಾರದ ಮೇಲೆ.

ಓಂಪ್ರಕಾಶನಿಗೆ ಹೇಳಿದಳು. ಪುಸ್ತಕ ಬೇರೆ ಕಂಪನಿಯದರಿಂದ ಎತ್ತಿದ್ದು, ಇದ್ದದ್ದನ್ನು ಇದ್ದಹಾಗೆ ಬರೆದರಾಯಿತು, ಈಗ ಸ್ವಿಚ್ಚಿನ ಡಬ್ಬಿ ಬದಲಿಸುತ್ತ ಕೂಡಲು ಯಾರಿಗೆ ಪುರುಸೊತ್ತಿದೆ ಎಂದ.

‘ಪುಸ್ತಕದಾಗ ಇದ್ರ ಸಾಕು ಅಕ್ಕ. ನಾಳೆ ಏನಾರ ಆದ್ರ ತಪ್ಪು ಮಷೀನ್ ನಡಸೋರದು.’

ಜಗದೇವಿಯ ಪಿತ್ತ ನೆತ್ತಿಗೇರಿತು. ಓದೋದು ಶಾಸ್ತ್ರ, ಹಾಕೋದು ಗಾಳ. ಆ ಸಾಲು ಯಾರ ಕೈ ಉಳಿಸಲೂ ಅಲ್ಲ, ಇವನ ತಲೆ ಕಾಯಲು. ಅದನ್ನು ಬರೆಯಬೇಕಾದವಳು, ಅಣ್ಣನಿಗೆ ದಿನಾ ತುತ್ತು ಕಲಸಿ ಕೊಡುವ ತಾನು. ಇವನ ಮೋರೆಗೆ ಪುಸ್ತಕ ಎಸೆಯಬೇಕೆನಿಸಿತು.

ಅಷ್ಟರಲ್ಲಿ ಮೊಜಾಂಬಿಕ್‌ನ ಗಿರಾಕಿಯ ಫೋನು ಬಂತು. ಎಂದಿನಂತೆ ಓಂಪ್ರಕಾಶ ಅದನ್ನು ಅವಳ ಕೈಗಿತ್ತು, ಪುಸ್ತಕ ತಯಾರಿದೆ, ಸೋಮವಾರ ಮಾಲು ಹೊರಡುತ್ತದೆ ಎಂದು ಹೇಳಲು ತಿಳಿಸಿದ. ಅವಳು ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡಿದಳು. ಆ ಕಡೆಯವನು ಬಹಳ ಹೊತ್ತು ಏನೇನೋ ಕೇಳಿದ. ಒಂದಕ್ಷರ ತಿಳಿಯದ ಓಂಪ್ರಕಾಶ ನಗುತ್ತ ತಲೆಯಾಡಿಸುತ್ತಿದ್ದ.

ಫೋನ್ ಇಟ್ಟ ಮೇಲೆ, ಗಿರಾಕಿ ಖುಷಿಯಾದನೇ ಎಂದು ವಿಚಾರಿಸಿದ.

‘ಮಷೀನಿಗೆ ಕೀಲಿ ಹಾಕೋ ಜಾಗಾನೇ ಇಲ್ಲ, ಅದು ಆಗೋತನಕ ತಗೋಬ್ಯಾಡ್ರಿ ಅಂತ ಹೇಳೀನ್ರಿ,’ ಅಂದಳು ಜಗದೇವಿ. ‘ಅವ ಕಾಯ್ತಾನಂತ. ನೀವು ಸ್ವಿಚ್ಚಿಗೆ ಕೀಲಿಕೊಂಡಿ ಹಚ್ಚಾಕ ವೆಲ್ಡರ್‌ನ ಕರೀರಿ, ಇಲ್ಲಂದ್ರ ನನ್ನ ಕೆಲಸದಿಂದ ತೆಗೀರಿ.’