ಶನಿವಾರ ಏಳು ಗಂಟೆಯ ಸರದಿ

ನನ್ನ ತಮ್ಮ ಇಲ್ಪೊ ಡ್ರಮ್ಸ್ ಬಾರಿಸುತ್ತಾನೆ, ನನ್ನ ಮಗಳು ಸೈಲಾ ಗಿಟಾರ್ ಹಿಡಿದು ಹಾಡುತ್ತಾಳೆ. ಸೋದರಮಾವ, ಸೊಸೆ ಇಬ್ಬರೇ ಸೇರಿ ಕಟ್ಟಿದ ರಾಕ್ ತಂಡ. ಹೆಸರು ಕೆಲ್ಲಾರಿ, ಅಂದರೆ ನೆಲಮಾಳಿಗೆ. ಇಷ್ಟು ಹೊತ್ತಿಗೆ ಇವರು ದೇಶಕ್ಕೆಲ್ಲ ಗೊತ್ತಾಗಬೇಕಿತ್ತು. ಆಗದೆ ಇರುವುದಕ್ಕೆ ಕಾರಣ ಸಂಗೀತವಲ್ಲ, ಸೌನಾ. ಹೇಳಿಕೊಳ್ಳಲು ನನಗೇ ನಾಚಿಕೆಯಾಗುತ್ತದೆ.

ಇಲ್ಪೊ ವಾರ್ಕೌಸ್‌ನ ಕಾಗದದ ಕಾರ್ಖಾನೆಯಲ್ಲಿ ದುಡಿಯುವವನು. ಒಂಟಿ ಮನುಷ್ಯ. ಅವನಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಯುದ್ಧ ಬಂದರೆ ಅಡಗಿಕೊಳ್ಳಲೆಂದು ಕಟ್ಟಿದ ಕೋಣೆಯೊಂದಿದೆ. ಯುದ್ಧ ಬರುವವರೆಗೆ ಅಲ್ಲಿ ಡ್ರಮ್ಸ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಪಕ್ಕದ ಬಾಗಿಲೇ ಕಟ್ಟಡದವರೆಲ್ಲರ ಸೌನಾ, ಕಾವಿನಲ್ಲಿ ಕೂತು ಬೆವರುವ ಮರದ ಕೋಣೆ. ವಾರಕ್ಕೊಮ್ಮೆ ಮನೆಗೊಂದು ಗಂಟೆಯ ಸರದಿ. ಇಲ್ಪೊ ಬಂದ ಹೊಸತರಲ್ಲಿ ಅವನಿಗೆ ಸಿಕ್ಕಿದ್ದು ಸೋಮವಾರ ಮಧ್ಯಾಹ್ನದ ಸರದಿ, ಯಾರಿಗೂ ಬೇಡವಾದದ್ದು. ಅಲ್ಲಿಂದ ಬುಧವಾರ, ಆಮೇಲೆ ಗುರುವಾರ. ಕೊನೆಗೆ ಮೂರನೇ ಮಹಡಿಯ ಮುದುಕ ತೀರಿಕೊಂಡ ಮೇಲೆ ಶನಿವಾರ ಸಂಜೆ ಏಳು. ಅದಕ್ಕಿಂತ ಒಳ್ಳೆಯ ಸರದಿ ಇಡೀ ಕಟ್ಟಡದಲ್ಲಿಲ್ಲ. ಕಾರ್ಖಾನೆಯಲ್ಲಿ ಅವನಿಗೆ ಬಡ್ತಿ ಅನ್ನುವುದು ಸಿಗಲೇ ಇಲ್ಲ. ಜನ್ಮದಲ್ಲಿ ಸಿಕ್ಕಿದ್ದು ಇದೊಂದೇ.

ಒಂದೇ ಒಂದು ವಾರ ಸರದಿ ಖಾಲಿ ಬಿದ್ದರೂ ಅದು ಕಾಯಂ ಆಗಿ ಕಾಯುತ್ತಿರುವವರ ಪಾಲು, ಇದು ಆ ಕಟ್ಟಡದ ನಿಯಮ. ಮೊದಲು ಕಾಯುತ್ತಿರುವವಳು ಎರಡನೇ ಮಹಡಿಯ ಓರ್ವೊಕ್ಕಿ. ನಿಯಮ ನೋಡಿಕೊಳ್ಳುವ ಸಮಿತಿಗೆ ಅಧ್ಯಕ್ಷಿಣಿಯೂ ಅವಳೇ. ಪ್ರತಿ ಶನಿವಾರ ಏಳೂ ಹತ್ತಕ್ಕೆ ಅವಳಿಗೆ ನೆಲಮಾಳಿಗೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ.

ಹಾಗಾಗಿ ಕೆಲ್ಲಾರಿ ಶನಿವಾರ ನುಡಿಸುವುದಿಲ್ಲ. ರಾಕ್ ತಂಡ, ಶನಿವಾರ ನುಡಿಸುವುದಿಲ್ಲ! ಶುಕ್ರವಾರ ಎಲ್ಲಿ ಕರೆದರೂ ಹೋಗುತ್ತಾರೆ. ಇಬ್ಬರಿಗೂ ಗಾಡಿ ಓಡಿಸಲು ಬಾರದು, ಆದ್ದರಿಂದ ಚಾಲಕಿ ನಾನು. ಡ್ರಮ್ಸ್ ಹೊತ್ತು ಸೊಂಟ ಮುರಿದುಕೊಂಡವಳೂ ನಾನು. ಒಮ್ಮೆ ಹೆಲ್ಸಿಂಕಿಯ ಕಂಪನಿಯೊಂದು ರೆಕಾರ್ಡ್ ಮಾಡುತ್ತೇವೆ, ಶನಿವಾರ ಬಂದು ನುಡಿಸಿ ತೋರಿಸಿ ಅಂತ ಫೋನ್ ಮಾಡಿತು. ಇಲ್ಪೊ "ಆಗಲ್ಲ, ಪುರುಸೊತ್ತಿಲ್ಲ" ಅಂದು ಫೋನ್ ಇಟ್ಟ. ಅವರು ಇವನನ್ನು ಏನೋ ಭಾರಿ ಮನುಷ್ಯ ಅಂದುಕೊಂಡು ಇನ್ನೂ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಅದೇ ಉತ್ತರ. ನಾನು ತಲೆ ಚಚ್ಚಿಕೊಂಡೆ.

"ನಿನ್ನ ಸರದೀಲಿ ನಾನು ಕೂರ್ತೀನಿ ಕಣೋ, ಗಾಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಣ" ಅಂತ ಎಷ್ಟು ಸಲ ಹೇಳಿದ್ದೇನೋ.

"ನಿಂಗೆ ಬಾಗಿಲು ಹಾಕಿಟ್ಕೊಂಡು ಕೂರಕ್ಕೇ ಬರಲ್ಲಕ್ಕ. ಚಿಕ್ಕಂದಿನಿಂದ್ಲೂ ನಿಂದು ಅದೇ ಚಾಳಿ. ಕಾವೆಲ್ಲ ಹೋಗುತ್ತೆ" ಅನ್ನುತ್ತಾನೆ.

ಮಾತು ಎಂದರೆ ಅವನಿಗೆ ಅಷ್ಟೇ. ವೇದಿಕೆಯ ಮೇಲಂತೂ ಇಷ್ಟು ವರ್ಷದಲ್ಲಿ ಒಂದು ಶಬ್ದ ಆಡಿದವನಲ್ಲ. ಅವನ ಮುಂದೆ ಸುಮ್ಮನೆ ಒಂದು ಮೈಕ್ ನಿಂತಿರುತ್ತದೆ, ಅದನ್ನೂ ನಾನೇ ಬಿಚ್ಚಿ ಡಬ್ಬಿಗೆ ತುಂಬಬೇಕು.

ಈ ವರ್ಷ ಟಾಂಪೆರೆಯ ದೊಡ್ಡ ಬೇಸಿಗೆ ಉತ್ಸವದವರು ಕರೆದರು. ಗಾಡಿ ಅವರೇ ಕಳಿಸುತ್ತಾರೆ, ರೇಡಿಯೊದಲ್ಲಿ ನೇರ ಪ್ರಸಾರ. ದಿನ, ಶನಿವಾರ. ಸಮಯ, ಸಂಜೆ ಏಳು. ಕೇಳಿದ ತಕ್ಷಣ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಸೈಲಾ ಇಲ್ಪೊನ ಅಡುಗೆಮನೆಗೆ ಬಂದು ಕೂತಳು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಅವಳದು, ಅವತ್ತು ಸಮವಸ್ತ್ರವನ್ನೂ ಬಿಚ್ಚಿರಲಿಲ್ಲ. ಜಗಳವಾಡಲಿಲ್ಲ.

"ಮಾವ, ನಂಗೀಗ ಮೂವತ್ತೆಂಟು. ಇನ್ನೊಂದ್ಸಲ ಯಾರೂ ಕರೆಯಲ್ಲ. ನೀನು ಬರಲ್ಲ ಅಂದ್ರೆ ಗಿಟಾರ್ ಮಾರ್ಬಿಡ್ತೀನಿ. ಕೋಪಕ್ಕೆ ಹೇಳ್ತಿಲ್ಲ, ಸುಸ್ತಾಗಿದೆ."

ಇಲ್ಪೊ ಕಾಫಿ ಕಲಕಿದ. ಸಕ್ಕರೆ ಹಾಕಿಕೊಳ್ಳದವನು ಅಷ್ಟು ಹೊತ್ತು ಕಲಕುವುದೇನಿತ್ತೋ. ಆಮೇಲೆ ನನ್ನ ಕಡೆ ತಿರುಗಿದ.

"ಏಳು ಗಂಟೆಗೆ ಸೌನಾದಲ್ಲಿ ಯಾರು ಕೂರ್ತಾರೆ?"

ಮಗಳೂ ನನ್ನನ್ನೇ ನೋಡಿದಳು. ಮನೆಯವರೋ ರಕ್ತಸಂಬಂಧಿಗಳೋ ಕೂತರೆ ಮಾತ್ರ ಸರದಿ ಉಳಿಯುತ್ತದೆ, ಊರಲ್ಲಿ ಅವನಿಗೆ ಬೇರೆ ಯಾರಿದ್ದಾರೆ? ಇವರ ಹಾಡು ದೊಡ್ಡ ವೇದಿಕೆ ಹತ್ತುವ ದಿನಕ್ಕೆ ಜೀವ ಹಿಡಿದುಕೊಂಡು ಕಾದವಳು ನಾನು. ಆ ದಿನ ಬಂದಾಗ ನೆಲಮಾಳಿಗೆಯಲ್ಲಿ ಬೆವರುತ್ತಾ ಕೂರಬೇಕಾದವಳೂ ನಾನೇ.

"ಕೂರ್ತೀನಿ, ಹಾಳಾಗಿ ಹೋಗಿ ಇಬ್ರೂ" ಅಂದೆ.

ಶನಿವಾರ ಏಳಕ್ಕೆ ಟವೆಲ್ ಸುತ್ತಿಕೊಂಡು ಮೇಲಿನ ಹಲಗೆಯ ಮೇಲೆ ಕೂತೆ. ರೇಡಿಯೊವನ್ನು ಒಳಗೆ ತಂದರೆ ಕರಗಿಹೋಗುತ್ತದೆ, ಅದನ್ನು ಬಟ್ಟೆ ಬದಲಾಯಿಸುವ ಕೋಣೆಯಲ್ಲಿಟ್ಟಿದ್ದೆ. ದಪ್ಪ ಮರದ ಬಾಗಿಲಿನಾಚೆ ನನ್ನ ಮಗಳ ದನಿ ಸೊಳ್ಳೆಯ ಹಾಗೆ ಕೇಳುತ್ತಿತ್ತು. ಎರಡು ಹಾಡು ತಡೆದುಕೊಂಡೆ. ಆಮೇಲೆ ಎದ್ದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ.

ಅಷ್ಟರಲ್ಲಿ ಓರ್ವೊಕ್ಕಿ ಇಣುಕಿದಳು. ಇಲ್ಪೊ ಎಲ್ಲಿ ಅಂತ ಕೇಳಿದಳು. ನಾನು ರೇಡಿಯೊ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನಿಂತು ಕೇಳಿ, ಹೋಗಿ ಟವೆಲ್ ತಂದು ನನ್ನ ಪಕ್ಕ ಕೂತಳು.

ಹಾಡು ಮುಗಿಯಿತು. ಸಾವಿರಾರು ಜನರ ಚಪ್ಪಾಳೆ. ಇನ್ನೇನು ಸೈಲಾ ಮಾತಾಡುತ್ತಾಳೆ ಅಂತ ಕಾದೆ. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಸೈಲಾ ಅಲ್ಲ.

"ಈ ತಂಡದಲ್ಲಿ ಮೂರು ಜನ ಇದ್ದೀವಿ" ಅಂದ ಇಲ್ಪೊ. "ಮೂರನೆಯವಳು ಈಗ ನನ್ನ ಸರದೀಲಿ ಕೂತಿದಾಳೆ." ಮುಗಿಯಿತು ಅಂದುಕೊಂಡೆ.

"ಅಕ್ಕ, ಬಾಗಿಲು ಹಾಕು. ಕಾವು ಹೋಗುತ್ತೆ."

ಜನ ನಕ್ಕರು. ಡ್ರಮ್ಸ್ ಕಡ್ಡಿಗಳು ನಾಲ್ಕು ಸಲ ಟಕಟಕ ಅಂದವು, ಮುಂದಿನ ಹಾಡು ಶುರುವಾಯಿತು. ಓರ್ವೊಕ್ಕಿ ಎದ್ದು ಬಾಗಿಲ ಹಿಡಿಗೆ ಕೈ ಹಾಕಿದಳು.

"ಮುಟ್ಬೇಡ" ಅಂದೆ.